ನಲವತ್ತೆರಡು ತಾಸಿನ ಲೆಕ್ಕ

ಪೂರ್ವತಯಾರಿಗೆ ಮೂರು ಭೇಟಿ, ಒಂದೊಂದೂ ಒಂದೂವರೆ ತಾಸು. ಗುಳಿಗೆ ಕೊಡುವ ದಿನಗಳು ಮೂರು, ದಿನಕ್ಕೆ ಎಂಟು ತಾಸು. ಪ್ರತಿ ಗುಳಿಗೆಯ ದಿನ ಮುಗಿದ ಮೇಲೆ ಮತ್ತೆ ಮೂರು ಮಾತುಕತೆ, ಒಟ್ಟು ಒಂಬತ್ತು. ಅವೂ ಒಂದೂವರೆ ತಾಸಿನವೇ. ಕೂಡಿಸಿದರೆ 42 ತಾಸು. ರೋಗಿಯ ಜೊತೆ ಇಬ್ಬರು ಚಿಕಿತ್ಸಕರು ಕೂಡುತ್ತಾರಾದ್ದರಿಂದ ಅವರ ಲೆಕ್ಕದಲ್ಲಿ 84 ತಾಸು. ಎಂಡಿಎಂಎ ಎಂಬ ರಾಸಾಯನಿಕದ ನೆರವಿನಿಂದ ಮಾನಸಿಕ ಆಘಾತಕ್ಕೆ ಕೊಡುವ ಚಿಕಿತ್ಸೆಯನ್ನು ಅಮೆರಿಕ ಮತ್ತಿತರ ದೇಶಗಳಲ್ಲಿ ಮೂರನೇ ಹಂತದ, ಅಂದರೆ ಅನುಮತಿ ಕೇಳುವ ಮುಂಚಿನ ದೊಡ್ಡ ಪ್ರಯೋಗಕ್ಕೆ ಒಡ್ಡಿದಾಗ ಒಬ್ಬೊಬ್ಬ ರೋಗಿಗೂ ಇಷ್ಟು ಹೊತ್ತು ಹಿಡಿಯಿತು.

ಗುಳಿಗೆಯ ಸುದ್ದಿ ಮೊಬೈಲಿನಲ್ಲಿ ಹುಬ್ಬಳ್ಳಿ–ಧಾರವಾಡಕ್ಕೂ ಬಂದು ಮುಟ್ಟಿದೆ. ತಾಸುಗಳ ಸುದ್ದಿ ಮುಟ್ಟಿಲ್ಲ. ‘ಎರಡು ಮೂರು ಸಲ ತೊಗೊಂಡ್ರ ಹಳೇದೆಲ್ಲಾ ಹೋಗತದಂತ, ಇಲ್ಲೆ ಎಲ್ಲಿ ಸಿಗತದ್ರಿ?’ ಎಂದು ಕೇಳುವವರು ತಮಾಷೆಗೆ ಕೇಳುತ್ತಿರುವುದಿಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟವರು, ಅವರನ್ನು ನೋಡಿ ನೋಡಿ ಸೋತ ಮನೆಯವರು ಅವರು. ಅವರಿಗೆ ಪೂರ್ತಿ ಉತ್ತರ ಕೊಡಬೇಕು. ಆ ಗುಳಿಗೆ ಏನು ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ಅದಿಲ್ಲದೆಯೂ ನಮ್ಮ ಕಡೆ ಇವತ್ತೇ ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ನಾವು ಒತ್ತಾಯಿಸಿ ಕೇಳಬೇಕಾದದ್ದು ತಾಸುಗಳನ್ನು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ತೀರಿಕೊಂಡರು; ಅವಶೇಷದಡಿ ಸಿಕ್ಕವರನ್ನು ತೆಗೆಯಲು ದಿನಗಳೇ ಬೇಕಾದವು. ಅದೇ ವರ್ಷದ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕುಗಳ ಊರೊಳಗೆ ನೀರು ಹೊಕ್ಕಿತು. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸಿನಲ್ಲಿ ಎಷ್ಟು ಮನೆಗಳ ದೀಪ ಆರಿತೆಂಬುದು ಈ ಭಾಗದವರಿಗೆ ಹೇಳಬೇಕಿಲ್ಲ. ಹಾವೇರಿ, ಗದಗ ಸೀಮೆಯಲ್ಲಿ ಸಾಲದ ಹೊರೆಗೆ ಜೀವ ಕಳೆದುಕೊಂಡ ರೈತನನ್ನು ಮೊದಲು ಕಾಣುವವರು ಹೆಂಡತಿ ಇಲ್ಲವೇ ಮಗ. ಮನೆಯೊಳಗಿನ ಹೊಡೆತ, ಬಾಲ್ಯದಲ್ಲಾದ ಲೈಂಗಿಕ ಹಿಂಸೆ ಎಲ್ಲೂ ವರದಿಯಾಗದೆ ಉಳಿಯುತ್ತವೆ. ಇಂಥದ್ದನ್ನು ಕಂಡುಂಡವರಲ್ಲಿ ಹೆಚ್ಚಿನವರು ಕೆಲವು ತಿಂಗಳಲ್ಲಿ ತಾವಾಗಿ ಸುಧಾರಿಸುತ್ತಾರೆ. ಉಳಿದವರಲ್ಲಿ ಒಂದು ತಿಂಗಳು ದಾಟಿದರೂ ನಾಲ್ಕು ಬಗೆಯ ತೊಂದರೆ ಒಟ್ಟಿಗೆ ಕಾಡುತ್ತವೆ. ನಡೆದದ್ದು ಕರೆಯದೆಯೇ ಕಣ್ಣಮುಂದೆ ಬಂದು ನಿಲ್ಲುತ್ತದೆ. ಅದನ್ನು ನೆನಪಿಸುವ ಜಾಗ, ಮಾತು, ಮನುಷ್ಯರಿಂದ ದೂರ ಸರಿಯುತ್ತಾರೆ. ತನ್ನದೇ ತಪ್ಪು, ಯಾರನ್ನೂ ನಂಬುವಂತಿಲ್ಲ ಎಂಬ ಭಾವ ಗಟ್ಟಿಯಾಗುತ್ತದೆ. ದೇಹ ಸದಾ ಎಚ್ಚರದಲ್ಲಿರುತ್ತದೆ, ಕುಕ್ಕರ್ ಸೀಟಿಗೂ ಬೆಚ್ಚುತ್ತದೆ. ಇದನ್ನೇ ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆ ಎನ್ನುವುದು. 1980ರಲ್ಲಿ ವೈದ್ಯಕೀಯ ಕೈಪಿಡಿಗೆ ಸೇರಿತು.

ನಮ್ಮ ಕಡೆ ಯಾರೂ ಈ ಹೆಸರಿಟ್ಟುಕೊಂಡು ಬರುವುದಿಲ್ಲ. ‘ಎದಿ ಡಬಡಬ ಅಂತೈತ್ರಿ’, ‘ನಿದ್ದಿ ಹತ್ತಂಗಿಲ್ಲ’, ‘ಸಣ್ಣದಕ್ಕೂ ಸಿಟ್ಟು ನೆತ್ತಿಗೇರತೈತಿ’ ಎನ್ನುತ್ತ ಬರುತ್ತಾರೆ. ಇಸಿಜಿ ಆಗುತ್ತದೆ, ಗ್ಯಾಸಿನ ಗುಳಿಗೆ ಸಿಗುತ್ತದೆ, ಗಾಳಿ ಸೋಕಿದೆಯೆಂದು ತಾಯಿತ ಕಟ್ಟುವುದೂ ಆಗುತ್ತದೆ, ಕೊನೆಗೆ ಆಲ್ಪ್ರಾಜೋಲಾಮ್. ಈ ಕೊನೆಯದರ ಬಗ್ಗೆ ನನಗೆ ನಿಜವಾಗಿ ಸಂಕಟವಿದೆ. ಆಘಾತದ ನಂತರ ಈ ಜಾತಿಯ ನಿದ್ದೆಗುಳಿಗೆ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಅದು ಆ ಕ್ಷಣದ ಗಾಬರಿಯನ್ನು ಇಳಿಸುತ್ತದೆ, ಆದರೆ ಅಂಜಿಕೆಯನ್ನು ಎದುರಿಸಿ ಕಲಿಯಬೇಕಾದ ಪಾಠವನ್ನು ಕಲಿಯಗೊಡುವುದಿಲ್ಲ. ಎರಡು ತಿಂಗಳು ನುಂಗಿದ ಮೇಲೆ ಬಿಡುವುದೇ ಇನ್ನೊಂದು ರೋಗವಾಗುತ್ತದೆ.

ಆ ಪಾಠ ಏನೆಂದು ತಿಳಿಯದೆ ಎಂಡಿಎಂಎ ಕೆಲಸ ಅರ್ಥವಾಗದು. ಮೆದುಳಿನಲ್ಲಿ ಅಮಿಗ್ಡಲ ಅಪಾಯದ ಗಂಟೆ ಬಾರಿಸುತ್ತದೆ. ಹಿಪ್ಪೊಕ್ಯಾಂಪಸ್ ಘಟನೆಗೆ ಜಾಗ, ಕಾಲ, ಸಂದರ್ಭ ಜೋಡಿಸುತ್ತದೆ. ಹಣೆಯ ಹಿಂದಿನ ಭಾಗ ‘ಇದು ಈಗಿನದಲ್ಲ’ ಎಂದು ಗಂಟೆಯನ್ನು ನಿಲ್ಲಿಸುತ್ತದೆ. ವಿಪರೀತ ಭಯದಲ್ಲಿ ದಾಖಲಾದ ನೆನಪಿಗೆ ಕಾಲದ ಗುರುತು ಸರಿಯಾಗಿ ಬಿದ್ದಿರುವುದಿಲ್ಲ. ಹೀಗಾಗಿ ಅವಶೇಷದಡಿ ಸಿಕ್ಕು ಬದುಕಿದವರಿಗೆ ಆರು ವರ್ಷದ ಮೇಲೂ ಓಣಿಯಲ್ಲಿ ಜೆಸಿಬಿ ಸದ್ದಾದರೆ ಮೈ ಬೆವೆಯುತ್ತದೆ, ಸಿಮೆಂಟಿನ ದೂಳಿನ ವಾಸನೆಗೆ ಉಸಿರು ಕಟ್ಟುತ್ತದೆ. ಚಿಕಿತ್ಸೆಯೆಂದರೆ ಸುರಕ್ಷಿತ ಜಾಗದಲ್ಲಿ ಆ ನೆನಪನ್ನು ಪೂರ್ತಿಯಾಗಿ ಎದುರು ತಂದುಕೊಂಡು, ಅದರಿಂದ ಈಗ ಅಪಾಯವಿಲ್ಲವೆಂದು ಮೆದುಳಿಗೆ ಹೊಸದಾಗಿ ಕಲಿಸುವುದು. ನೆನಪಿಸಿಕೊಂಡ ನೆನಪು ಕೆಲವು ತಾಸು ಸಡಿಲವಾಗಿದ್ದು ಮತ್ತೆ ಗಟ್ಟಿಯಾಗುತ್ತದೆಂದು ಇಲಿಗಳ ಮೇಲಿನ ಪ್ರಯೋಗ 2000ನೇ ಇಸವಿಯಲ್ಲಿ ತೋರಿಸಿದ ಮೇಲೆ, ಆ ಸಡಿಲ ಹೊತ್ತಿನಲ್ಲಿ ಏನು ಸೇರಿಸಬಹುದೆಂಬ ಹುಡುಕಾಟ ಜೋರಾಯಿತು.

ಕಷ್ಟ ಇರುವುದು ಎದುರು ತಂದುಕೊಳ್ಳುವುದರಲ್ಲೇ. ನೆನಪು ಹತ್ತಿರವಾದಂತೆ ಕೆಲವರು ಗಾಬರಿಯ ಅಲೆಯಲ್ಲಿ ಕೊಚ್ಚಿಹೋಗುತ್ತಾರೆ, ಇನ್ನು ಕೆಲವರು ಪೂರ್ತಿ ಮರಗಟ್ಟಿ ಕೂಡುತ್ತಾರೆ. ಎರಡೂ ಸ್ಥಿತಿಯಲ್ಲಿ ಕಲಿಕೆ ಆಗದು. ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ ಚಿಕಿತ್ಸೆ ನಡೆಯಬೇಕು. ಎಂಡಿಎಂಎ ಆ ಜಾಗವನ್ನು ಕೆಲವು ತಾಸಿನ ಮಟ್ಟಿಗೆ ಅಗಲ ಮಾಡುತ್ತದೆ. ಸೆರೊಟೊನಿನ್ ಎಂಬ ಮೆದುಳಿನ ರಾಸಾಯನಿಕ ಭಾರಿ ಪ್ರಮಾಣದಲ್ಲಿ ಬಿಡುಗಡೆಯಾಗುತ್ತದೆ, ನಾರ್‌ಅಡ್ರಿನಲಿನ್, ಆಕ್ಸಿಟೋಸಿನ್ ಎಂಬ ಇನ್ನೆರಡೂ ಏರುತ್ತವೆ. ಎದುರಿಗಿರುವವರ ಮೇಲೆ ನಂಬಿಕೆ ಹೆಚ್ಚುತ್ತದೆ, ಅಂಜಿಕೆ ತಗ್ಗುತ್ತದೆ, ಎಚ್ಚರ ಮಾತ್ರ ಉಳಿದಿರುತ್ತದೆ. ಭ್ರಮೆ ಹುಟ್ಟಿಸುವ ಸಿಲೋಸಿಬಿನ್, ಎಲ್‌ಎಸ್‌ಡಿಗಳ ದಾರಿ ಬೇರೆ. ಅವು ಗ್ರಹಿಕೆಯನ್ನೇ ಕದಡುತ್ತವೆ, ಆಘಾತದ ರೋಗಿಗೆ ಅದು ಕೆಲವೊಮ್ಮೆ ಇನ್ನೊಂದು ಆಘಾತ. ಆಘಾತದ ಚಿಕಿತ್ಸೆಯಲ್ಲಿ ಹೆಚ್ಚಿನ ಅಧ್ಯಯನ ಎಂಡಿಎಂಎ ಮೇಲೆಯೇ ನಡೆದಿರುವುದಕ್ಕೆ ಇದು ಕಾರಣ. 1912ರಲ್ಲಿ ಜರ್ಮನಿಯ ಮರ್ಕ್ ಕಂಪನಿಯಲ್ಲಿ ಮೊದಲು ತಯಾರಾದ ಈ ವಸ್ತುವನ್ನು 1970ರ ದಶಕದ ಕೊನೆಗೆ ಕೆಲವು ಚಿಕಿತ್ಸಕರು ಬಳಸತೊಡಗಿದರು. 1985ರಲ್ಲಿ ಅಮೆರಿಕ ನಿಷೇಧಿಸಿತು. ಮಾದಕ ವಸ್ತು ತಡೆಯುವ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂದದ್ದೂ ಅದೇ ವರ್ಷ. ಮರುವರ್ಷ ಅಮೆರಿಕದಲ್ಲಿ ರಿಕ್ ಡಾಬ್ಲಿನ್ ಮ್ಯಾಪ್ಸ್ ಎಂಬ ಸಂಸ್ಥೆ ಕಟ್ಟಿ ಇದನ್ನು ಔಷಧವಾಗಿ ಸಾಬೀತು ಮಾಡುವ ಕೆಲಸಕ್ಕೆ ನಿಂತರು.

ಈಗ ಆ 42 ತಾಸಿನೊಳಗೆ ಹೋಗೋಣ.

ಮೊದಲ ಮಾತುಕತೆಗೂ ಮುಂಚೆ ದೇಹದ ತಪಾಸಣೆ. ಎಂಡಿಎಂಎ ರಕ್ತದೊತ್ತಡ, ನಾಡಿ, ಮೈಶಾಖ ಮೂರನ್ನೂ ಏರಿಸುತ್ತದೆ. ಹತೋಟಿಗೆ ಬಾರದ ಬಿಪಿ, ಹೃದಯದ ಕಾಯಿಲೆ, ಬಸಿರು, ಹಿಂದೆ ಚಿತ್ತವಿಕಲತೆ ಆದ ಇತಿಹಾಸ ಇದ್ದವರನ್ನು ಸೇರಿಸಿಕೊಳ್ಳುವುದಿಲ್ಲ. ಆಮೇಲೆ ಗುಳಿಗೆ ಬಿಡಿಸುವ ಹಂತ. ಎಸಿಟಾಲೊಪ್ರಾಮ್, ಸರ್ಟ್ರಲಿನ್‌ನಂಥ ಖಿನ್ನತೆಯ ಗುಳಿಗೆಗಳು ಎಂಡಿಎಂಎ ಹಿಡಿಯಬೇಕಾದ ಜಾಗವನ್ನೇ ಹಿಡಿದು ಕೂತಿರುತ್ತವೆ; ಅವು ಮೈಯಲ್ಲಿದ್ದರೆ ಎಂಡಿಎಂಎ ಮಂಕಾಗುತ್ತದೆ. ಎಸಿಟಾಲೊಪ್ರಾಮ್ ದೇಹದಿಂದ ಹೋಗಲು ನಿಲ್ಲಿಸಿದ ದಿನದಿಂದ ಒಂದು ವಾರ ಸಾಕು, ಆದರೆ ನಿಲ್ಲಿಸುವ ಮೊದಲು ಹಂತಹಂತವಾಗಿ ಇಳಿಸಲು ಎಷ್ಟೋ ವಾರ ಬೇಕು. ಫ್ಲುವಾಕ್ಸೆಟಿನ್‌ಗೆ ಒಂದು ತಿಂಗಳ ಮೇಲೆಯೇ ಹಿಡಿಯುತ್ತದೆ. ಪ್ಯಾರಾಕ್ಸೆಟಿನ್, ವೆನ್ಲಫ್ಯಾಕ್ಸಿನ್ ಒಮ್ಮೆಲೇ ಬಿಟ್ಟರೆ ತಲೆಯೊಳಗೆ ಕರೆಂಟು ಹೊಡೆದಂತಾಗುವುದು, ತಲೆಸುತ್ತು, ವಾಂತಿ. ಈ ಖಾಲಿ ವಾರಗಳೇ ಇಡೀ ಚಿಕಿತ್ಸೆಯ ಅತಿ ಅಪಾಯದ ಕಾಲ: ಹಳೆಯ ಔಷಧ ಹೋಗಿದೆ, ಹೊಸದು ಬಂದಿಲ್ಲ, ಸಾಯುವ ಯೋಚನೆ ಇದ್ದವರಿಗೆ ಅದು ಮರಳಬಹುದು. ಒಬ್ಬರು ದಿನಾ ಸಂಪರ್ಕದಲ್ಲಿರಬೇಕಾದ ಹೊತ್ತು ಇದು. ಗುಳಿಗೆಯ ಆಸೆಗೆ ತಾವೇ ಎಸಿಟಾಲೊಪ್ರಾಮ್ ನಿಲ್ಲಿಸಿ ಕಾಯುವವರಿದ್ದಾರಲ್ಲ, ಅವರ ಬಗ್ಗೆ ನನಗಿರುವ ಭಯ ಇದೇ.

ಮೂರು ಪೂರ್ವತಯಾರಿ ಭೇಟಿಗಳಲ್ಲಿ ಆಗುವ ಕೆಲಸ ಸರಳವಾಗಿ ಕಾಣುತ್ತದೆ. ಆ ದಿನ ಏನೇನಾಗಬಹುದೆಂದು ಹೇಳುವುದು. ನೆನಪನ್ನು ಬಲವಂತವಾಗಿ ಎಳೆಯಬೇಕಿಲ್ಲ, ಬಂದದ್ದನ್ನು ತಳ್ಳಬೇಡ ಎನ್ನುವುದು. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಲು ಕಲಿಸುವುದು. ಕರಾರುಗಳನ್ನು ಈ ಹಂತದಲ್ಲೇ ಮಾಡಿಕೊಳ್ಳಬೇಕು. ಕೈ ಹಿಡಿಯಬಹುದೇ, ಭುಜ ಮುಟ್ಟಬಹುದೇ, ಯಾವ ಮಾತು ಹೇಳಿದರೆ ತಕ್ಷಣ ಕೈ ತೆಗೆಯಬೇಕು, ಎಲ್ಲವೂ ಗುಳಿಗೆ ನುಂಗುವ ಮೊದಲೇ ತೀರ್ಮಾನವಾಗಿರಬೇಕು. ನುಂಗಿದ ಮೇಲೆ ರೋಗಿ ಹೊಸದಾಗಿ ‘ಆಗಲಿ’ ಎಂದರೂ ಅದು ಒಪ್ಪಿಗೆಯಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ಎಲ್ಲದಕ್ಕೂ ಆಗಲಿ ಎನ್ನಿಸುವುದೇ ಆ ಔಷಧದ ಗುಣ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದೆ ಹೇಳುವ ಅನಾಹುತಗಳು ತಾವಾಗಿ ಅರ್ಥವಾಗುತ್ತವೆ.

ಗುಳಿಗೆಯ ದಿನ ಹೀಗಿರುತ್ತದೆ. ಬೆಳಗ್ಗೆ ಮೂತ್ರ ಪರೀಕ್ಷೆ, ಬಿಪಿ, ಜ್ವರ ನೋಡುತ್ತಾರೆ. ಕೋಣೆಯಲ್ಲಿ ಒರಗಲು ಹಾಸಿಗೆ, ಕಣ್ಣಿಗೆ ಪಟ್ಟಿ, ಹಾಡಿನ ಮಾತಿಲ್ಲದ ಸಂಗೀತ, ಗೋಡೆಯಲ್ಲಿ ವಿಡಿಯೊ ಕ್ಯಾಮೆರಾ. ಮೊದಲ ಸಲ 80 ಮಿಲಿಗ್ರಾಂ. ಒಂದೂವರೆಯಿಂದ ಎರಡೂವರೆ ತಾಸಿನ ನಂತರ, ಬಿಪಿ ಸರಿಯಿದ್ದರೆ, ಅದರ ಅರ್ಧ ಇನ್ನೊಮ್ಮೆ. ಎರಡನೇ, ಮೂರನೇ ದಿನಗಳಿಗೆ 120 ಮತ್ತು 60. ಒಂದು ದಿನಕ್ಕೂ ಇನ್ನೊಂದಕ್ಕೂ ಸುಮಾರು ಒಂದು ತಿಂಗಳ ಅಂತರ. ನುಂಗಿ ಮುಕ್ಕಾಲು ತಾಸಿಗೆ ಅದು ಏರತೊಡಗುತ್ತದೆ. ಏರುವಾಗ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ದವಡೆ ಬಿಗಿಯುತ್ತದೆ. ಆಘಾತದ ರೋಗಿಗೆ ಇವೆಲ್ಲ ಪರಿಚಿತ ಲಕ್ಷಣಗಳು, ಹಾಗಾಗಿ ಗಾಬರಿಯೇ ಶುರುವಾಯಿತೆಂದು ಎದ್ದು ಕೂಡುತ್ತಾರೆ. ಅನುಭವಿ ಚಿಕಿತ್ಸಕ ಅಲ್ಲಿ ಉಪದೇಶ ಮಾಡುವುದಿಲ್ಲ. ‘ಔಷಧ ಏರಾಕತ್ತೈತಿ, ಉಸಿರು ಬಿಡ್ರಿ, ನಾವಿಲ್ಲೇ ಅದೀವಿ’ ಎಂಬಷ್ಟು ಮಾತು ಸಾಕು. ಅರ್ಧ ತಾಸಿನಲ್ಲಿ ಆ ಬಿಗಿ ಸಡಿಲಾಗುತ್ತದೆ. ಆಮೇಲೆ ರೋಗಿ ಕಣ್ಣುಪಟ್ಟಿ ಕಟ್ಟಿಕೊಂಡು ಒಳಗೆ ಹೋಗುವುದು, ಹೊರಬಂದು ಮಾತಾಡುವುದು, ಮತ್ತೆ ಒಳಗೆ ಹೋಗುವುದು. ತಾಸುಗಟ್ಟಲೆ ಮೌನವೂ ಇರುತ್ತದೆ. ಆ ಮೌನವನ್ನು ಮುರಿಯದಿರುವುದೇ ಚಿಕಿತ್ಸಕರಿಗೆ ಕಷ್ಟದ ಪಾಠ. ಆಘಾತದ ಸುದ್ದಿಯನ್ನು ರೋಗಿ ತಾನಾಗಿ ಎತ್ತದಿದ್ದರೆ ಮಾತ್ರ ಮೆತ್ತಗೆ ಒಮ್ಮೆ ಕೇಳುತ್ತಾರೆ. ನೀರು ಗುಟುಕು ಗುಟುಕಾಗಿ, ಲವಣ ಬೆರೆಸಿ. ಬಾಯಾರಿಕೆಯೆಂದು ಬರಿ ನೀರು ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಆರೇಳು ತಾಸಿಗೆ ಇಳಿಯುತ್ತದೆ. ಸಂಜೆ ಸ್ವಲ್ಪ ಊಟ. ಗಾಡಿ ಓಡಿಸುವಂತಿಲ್ಲ, ಒಬ್ಬರೇ ಇರುವಂತಿಲ್ಲ.

ಮರುದಿನ ಬೆಳಗ್ಗೆ ಮೊದಲ ಸಂಯೋಜನೆಯ ಮಾತುಕತೆ, ಅಂದರೆ ಕಂಡದ್ದನ್ನು ಬದುಕಿಗೆ ಜೋಡಿಸಿಕೊಳ್ಳುವ ಮಾತುಕತೆ. ನನ್ನ ಪ್ರಕಾರ ಇಡೀ ಚಿಕಿತ್ಸೆಯ ಬೆಲೆ ಇಲ್ಲಿದೆ. ಹಿಂದಿನ ದಿನ ‘ಅದು ನನ್ನ ತಪ್ಪಾಗಿರಲಿಲ್ಲ’ ಎಂದು ಗಟ್ಟಿಯಾಗಿ ಕಂಡದ್ದು, ಸೆರೊಟೊನಿನ್ ಬರಿದಾದ ಎರಡು ಮೂರು ದಿನಗಳಲ್ಲಿ ಕನಸಿನಂತೆ ಮಸುಕಾಗುತ್ತದೆ. ರೋಗಿ ತನ್ನ ಮಾತಿನಲ್ಲಿ ಹೇಳಬೇಕು, ಬರೆಯಬೇಕು. ಅದನ್ನು ಮನೆ, ಕೆಲಸ, ನಿದ್ದೆ, ಸಂಬಂಧಗಳಲ್ಲಿ ಹೇಗೆ ಬಾಳುವುದೆಂದು ಮುಂದಿನ ವಾರಗಳಲ್ಲಿ ಕೂತು ನೋಡಬೇಕು. ಹೊಲ ಮಾರುವುದು, ಸೋಡಚೀಟಿ, ಮನೆಯವರೆಲ್ಲರ ಮುಂದೆ ಹಳೆಯ ಗುಟ್ಟನ್ನು ಒಡೆಯುವುದು, ಇಂಥ ದೊಡ್ಡ ತೀರ್ಮಾನಗಳನ್ನು ಕೆಲವು ವಾರ ತಡೆಹಿಡಿಯಲು ಹೇಳುತ್ತಾರೆ.

ಫಲಿತಾಂಶ ಏನು? 2021ರಲ್ಲಿ ಪ್ರಕಟವಾದ ಮೊದಲ ಮೂರನೇ ಹಂತದ ಅಧ್ಯಯನದಲ್ಲಿ 90 ಜನರಿದ್ದರು. ಕೊನೆಗೆ, ಎಂಡಿಎಂಎ ಪಡೆದವರಲ್ಲಿ ಶೇ 67ರಷ್ಟು ಮಂದಿಗೆ ರೋಗದ ಲಕ್ಷಣಗಳು ರೋಗವೆನ್ನುವ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಹುಸಿ ಗುಳಿಗೆ ಪಡೆದವರಲ್ಲಿ ಇದು ಶೇ 32. 2023ರಲ್ಲಿ ಬಂದ ಎರಡನೆಯದರಲ್ಲಿ 104 ಜನ. ಶೇ 71 ಮತ್ತು ಶೇ 48. ಸುದ್ದಿಯಲ್ಲಿ ಮೊದಲ ಸಂಖ್ಯೆ ಮಾತ್ರ ಓಡಾಡಿತು. ಎರಡನೇ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ವರ್ಷಾನುಗಟ್ಟಲೆ ಆಘಾತ ಹೊತ್ತು ತಿರುಗಿದ ಜನ, ಔಷಧದ ಅಂಶವೇ ಇಲ್ಲದ ಗುಳಿಗೆ ನುಂಗಿ, ಅದೇ 42 ತಾಸು ಇಬ್ಬರು ತರಬೇತಾದವರ ಜೊತೆ ಕೂತದ್ದಕ್ಕೆ ಒಂದು ಅಧ್ಯಯನದಲ್ಲಿ ಮೂರರಲ್ಲಿ ಒಂದು ಪಾಲು, ಇನ್ನೊಂದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರೋಗದ ಗೆರೆ ದಾಟಿ ಈಚೆ ಬಂದಿದ್ದಾರೆ. ಗುಳಿಗೆಗೆ ಅದರ ಮೇಲಿನ ಪಾಲು ನಿಜವಾಗಿ ಇದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. 80 ಅಂಕದ ಅಳತೆಪಟ್ಟಿಯಲ್ಲಿ ಎಂಡಿಎಂಎ ಗುಂಪು ಸುಮಾರು 24 ಅಂಕ ಇಳಿದರೆ ಇನ್ನೊಂದು ಗುಂಪು 14–15 ಅಂಕ ಇಳಿಯಿತು.

ಆ ಮೇಲಿನ ಪಾಲು ಎಷ್ಟೆಂಬುದರ ಮೇಲೆಯೇ ತಕರಾರು ಎದ್ದಿತು. ಎಂಟು ತಾಸು ದವಡೆ ಬಿಗಿದು, ಮನಸ್ಸು ಹಗುರಾಗಿದ್ದವರಿಗೆ ತಾವು ನುಂಗಿದ್ದು ಯಾವುದೆಂದು ಗೊತ್ತಾಗದೆ ಇರುತ್ತದೆಯೇ? ಹೆಚ್ಚಿನವರು ಸರಿಯಾಗಿಯೇ ಊಹಿಸಿದ್ದರು. ಹುಸಿ ಗುಳಿಗೆ ಸಿಕ್ಕಿತೆಂದು ತಿಳಿದವರ ನಿರಾಶೆ, ನಿಜದ್ದು ಸಿಕ್ಕಿತೆಂದು ತಿಳಿದವರ ಭರವಸೆ ಎರಡೂ ಅಂಕದೊಳಗೆ ಸೇರಿಬಿಡುತ್ತವೆ. 2024ರ ಜೂನ್ 4ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಸಲಹಾ ಸಮಿತಿ ಪರಿಣಾಮಕಾರಿತ್ವದ ಪ್ರಶ್ನೆಗೆ 9–2ರಿಂದ, ಲಾಭ ಅಪಾಯಕ್ಕಿಂತ ಹೆಚ್ಚೇ ಎಂಬ ಪ್ರಶ್ನೆಗೆ 10–1ರಿಂದ ಇಲ್ಲವೆಂದಿತು. ಆಗಸ್ಟ್‌ನಲ್ಲಿ ಎಫ್‌ಡಿಎ, ಎಂಡಿಎಂಎಯನ್ನು ಔಷಧವಾಗಿ ಬಳಸಲು ಅನುಮತಿ ಕೇಳಿದ್ದ ಅರ್ಜಿಯನ್ನು ಒಪ್ಪದೆ ಇನ್ನೊಂದು ಮೂರನೇ ಹಂತದ ಅಧ್ಯಯನ ಕೇಳಿತು. ಹಿತವೆನಿಸುವ ಪರಿಣಾಮಗಳನ್ನು, ಅಂದರೆ ಚಟಕ್ಕೆ ದಾರಿಯಾಗಬಹುದಾದವನ್ನು, ದಾಖಲಿಸಿರಲಿಲ್ಲವೆಂಬ ಆಕ್ಷೇಪವೂ ಇತ್ತು. ಆದರೆ ಆಸ್ಟ್ರೇಲಿಯಾ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರಿಗೆ ಆಘಾತಕ್ಕೆ ಎಂಡಿಎಂಎ ಬರೆಯಲು ಬಿಟ್ಟಿದೆ.

ಎಲ್ಲಕ್ಕಿಂತ ಭಾರವಾದದ್ದು ಕೆನಡಾದ ಕೇಂದ್ರವೊಂದರ ಪ್ರಕರಣ. ಎರಡನೇ ಹಂತದ ಅಧ್ಯಯನದಲ್ಲಿ ಗುಳಿಗೆಯ ಪ್ರಭಾವದಲ್ಲಿದ್ದ ಮಹಿಳೆಯ ಜೊತೆ ಚಿಕಿತ್ಸಕ ಜೋಡಿ ಮಿತಿ ಮೀರಿ ನಡೆದುಕೊಂಡದ್ದು ವಿಡಿಯೊದಲ್ಲಿ ದಾಖಲಾಗಿತ್ತು. ಇಂಥ ನೀತಿಭಂಗದ ಕಾರಣಕ್ಕೆ 2024ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ಮೂರು ಪ್ರಬಂಧಗಳನ್ನು ಹಿಂದೆಗೆದುಕೊಂಡಿತು. ಕ್ಯಾಮೆರಾ ಇದ್ದ, ನೈತಿಕ ಸಮಿತಿ ಇದ್ದ, ಇಬ್ಬರು ಕೂಡಬೇಕೆಂಬ ನಿಯಮವಿದ್ದ ಕಡೆಯೇ ಹೀಗಾಯಿತು. ಇವೇನೂ ಇಲ್ಲದ ರೆಸಾರ್ಟಿನಲ್ಲಿ, ತನ್ನನ್ನು ಗುರುವೆಂದು ಕರೆದುಕೊಳ್ಳುವವನ ಎದುರು ಏನಾದೀತು? ಗೋವಾ ನಮಗೆ ಒಂದು ರಾತ್ರಿ ಬಸ್ಸಿನ ದಾರಿಯೂ ಅಲ್ಲ. ‘ಹೀಲಿಂಗ್ ರಿಟ್ರೀಟ್’ ಹೆಸರಿನ ಕರೆಗಳು ವಾಟ್ಸಾಪಿಗೆ ಬರುತ್ತವೆ. ಆಘಾತವಾದ ಹೆಣ್ಣುಮಕ್ಕಳು ಅಲ್ಲಿಗೆ ಹೋಗುವ ಯೋಚನೆ ಮಾಡಿದರೆ ದಯವಿಟ್ಟು ತಡೆಯಿರಿ. ಇನ್ನೊಂದು ಕೇಡು ಕಣ್ಣಿಗೆ ಕಾಣದು: ಆ ಸ್ಥಿತಿಯಲ್ಲಿ ಮನಸ್ಸು ಸೂಚನೆಗಳಿಗೆ ತೆರೆದಿರುತ್ತದೆ. ‘ನಿನಗೆ ಚಿಕ್ಕಂದಿನಲ್ಲಿ ಏನೋ ಆಗಿದೆ, ನೆನಪಿಸಿಕೋ’ ಎಂದು ಒತ್ತಿದರೆ ಆಗದೇ ಇದ್ದದ್ದೂ ನೆನಪಾಗಿ ಕೂಡಬಹುದು.

ಔಷಧದಂಗಡಿಯ ಮಟ್ಟದಲ್ಲೂ ಅಪಾಯಗಳಿವೆ. ಮೈಕೈ ನೋವಿಗೆ ಬರೆಯುವ ಟ್ರಮಡಾಲ್, ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೊಮೆಥಾರ್ಫಾನ್, ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೋಲಿಡ್ ಇವು ಎಂಡಿಎಂಎ ಜೊತೆ ಸೇರಿದರೆ ಸೆರೊಟೊನಿನ್ ವಿಷದಂತೆ ಏರಬಹುದು: ವಿಪರೀತ ಜ್ವರ, ನಡುಕ, ಸ್ನಾಯುಗಳ ಸೆಟೆತ, ಕೆಲವೊಮ್ಮೆ ಸಾವು. ಬೀದಿಯಲ್ಲಿ ‘ಎಂಡಿ’ ಎಂದು ಮಾರುವ ಪುಡಿ ನಮ್ಮ ದೇಶದಲ್ಲಿ ಬಹಳ ಸಲ ಮೆಫಿಡ್ರೋನ್. ಹೆಸರು ಹತ್ತಿರವಿದ್ದರೂ ವಸ್ತು ಬೇರೆ, ಚಟ ಹಿಡಿಸುವ ಜೋರು ಇನ್ನೂ ಹೆಚ್ಚು. ಕಾನೂನಿನಲ್ಲಿ ಅರ್ಧ ಗ್ರಾಂಗಿಂತ ಕಡಿಮೆ ಎಂಡಿಎಂಎ ‘ಅಲ್ಪ ಪ್ರಮಾಣ’, 10 ಗ್ರಾಂ ಮೀರಿದರೆ ‘ವಾಣಿಜ್ಯ ಪ್ರಮಾಣ’. ಅಲ್ಪ ಪ್ರಮಾಣ ಇಟ್ಟುಕೊಳ್ಳುವುದೂ ಅಪರಾಧವೇ. ಆಘಾತದ ಜೊತೆ ಠಾಣೆ, ಕೋರ್ಟು ಸೇರಿಕೊಂಡ ಮನೆಯ ಪಾಡು ಯಾರಿಗೂ ಬೇಡ.

ಕೆಟಮಿನ್ ಒಂದೇ ನಮ್ಮಲ್ಲಿ ಕಾನೂನಿನೊಳಗೆ ಸಿಗುವ ಹತ್ತಿರದ ವಸ್ತು. ಹುಬ್ಬಳ್ಳಿಯ ಆಪರೇಷನ್ ಥಿಯೇಟರುಗಳಲ್ಲಿ ಅರಿವಳಿಕೆಗೆ ಬಳಕೆಯಲ್ಲಿದೆ. ಅರಿವಳಿಕೆಗೆ ಕಿಲೋ ತೂಕಕ್ಕೆ 1–2 ಮಿಲಿಗ್ರಾಂ. ಖಿನ್ನತೆಗೆ ಅದರ ಅರ್ಧ ಇಲ್ಲವೇ ಇನ್ನೂ ಕಡಿಮೆ, ಅರ್ಧ ಮಿಲಿಗ್ರಾಮಿನಂತೆ, 60 ಕಿಲೋದವರಿಗೆ 30 ಮಿಲಿಗ್ರಾಂ, 40 ನಿಮಿಷ ನಿಧಾನವಾಗಿ ನರದೊಳಗೆ. ಬಿಪಿ ಏರುತ್ತದೆ, ಮೈಯಿಂದ ಬೇರೆಯಾಗಿ ತೇಲಿದಂತಾಗುತ್ತದೆ. ಬಗ್ಗದ ಖಿನ್ನತೆಗೆ ಪುರಾವೆ ಗಟ್ಟಿಯಿದೆ, ಪರಿಣಾಮ ಮಾತ್ರ ದಿನಗಳ ಲೆಕ್ಕದ್ದು. ಆಘಾತಕ್ಕೆ? 2014ರಲ್ಲಿ 41 ಜನರ ಅಧ್ಯಯನ ಆಸೆ ಹುಟ್ಟಿಸಿತು. 2022ರಲ್ಲಿ 158 ಮಾಜಿ ಹಾಗೂ ಹಾಲಿ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಹುಸಿ ಔಷಧಕ್ಕಿಂತ ಮೇಲಾಗಲಿಲ್ಲ. ಪದೇಪದೇ ತೆಗೆದುಕೊಂಡವರ ಮೂತ್ರಕೋಶ ಕೆಡಬಹುದು. ಆಘಾತಕ್ಕೆಂದು ಯಾರಾದರೂ ಕೆಟಮಿನ್ ಪ್ಯಾಕೇಜು ಹೇಳಿದರೆ, ಜೊತೆಗೆ ಮಾತಿನ ಚಿಕಿತ್ಸೆ ಎಷ್ಟು ತಾಸು, ಯಾರು ಕೂಡುತ್ತಾರೆ ಎಂದು ಕೇಳಿ.

ಇನ್ನು ನಮ್ಮೂರಿನ ಮಾತು. ಧಾರವಾಡದ ಬೆಳಗಾವಿ ರಸ್ತೆಯ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ 1845ರಷ್ಟು ಹಳೆಯ ಆಸ್ಪತ್ರೆಯ ಮುಂದುವರಿಕೆ. ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಆಘಾತಕ್ಕೆ ಗುಳಿಗೆಯಿಲ್ಲದೆ ಗಟ್ಟಿಯಾಗಿ ನಿಂತ ಚಿಕಿತ್ಸೆಗಳು ಕೆಲವಿವೆ. ಅವುಗಳಲ್ಲಿ ಒಂದು, ಮನಶ್ಶಾಸ್ತ್ರಜ್ಞೆ ಈಡ್ನಾ ಫೋವಾ ರೂಪಿಸಿದ ದೀರ್ಘ ಎದುರಿಸುವಿಕೆಯ ಚಿಕಿತ್ಸೆ, 8ರಿಂದ 15 ಭೇಟಿ, ಒಂದೂವರೆ ತಾಸಿನಂತೆ, ಒಬ್ಬರೇ ಚಿಕಿತ್ಸಕರು. 12 ಭೇಟಿ ಎಂದಿಟ್ಟುಕೊಂಡರೆ 18 ತಾಸು. ಎಂಡಿಎಂಎ ದಾರಿಯಲ್ಲಿ ಒಬ್ಬರಿಗೆ ಬೇಕಾಗುವ 84 ತಾಸಿನಲ್ಲಿ ಇಲ್ಲಿ ನಾಲ್ಕು ಮಂದಿಗೆ ಪೂರ್ತಿ ಚಿಕಿತ್ಸೆ ಮುಗಿದು ಇನ್ನೂ ಹೊತ್ತು ಉಳಿಯುತ್ತದೆ. ಮನಶ್ಶಾಸ್ತ್ರಜ್ಞರು ಬೆರಳೆಣಿಕೆಯಷ್ಟಿರುವ ಜಿಲ್ಲೆಗಳಿಗೆ ಈ ಲೆಕ್ಕ ಬಹಳ ದೊಡ್ಡದು.

ಅದು ನಡೆಯುವುದು ಹೀಗೆ. ಬೈಪಾಸ್ ಅಪಘಾತದಲ್ಲಿ ಉಳಿದ ಧಾರವಾಡದ ಒಬ್ಬರನ್ನು ಊಹಿಸಿಕೊಳ್ಳಿ. ಸೊನ್ನೆಯಿಂದ ನೂರರವರೆಗೆ ಅಂಜಿಕೆಗೆ ಅಂಕ ಕೊಡಿಸಿ ಮೆಟ್ಟಿಲು ಹಾಕುತ್ತಾರೆ. ಮನೆಯಂಗಳದಲ್ಲಿ ನಿಂತ ಕಾರಿನಲ್ಲಿ ಕೂಡುವುದು 25. ಜುಬಿಲಿ ಸರ್ಕಲ್‌ನಿಂದ ಚಿಗರಿ ಬಸ್ಸಿನಲ್ಲಿ ಒಂದು ನಿಲ್ದಾಣ 35. ಚಿಗರಿಗೆ ತನ್ನದೇ ದಾರಿ ಇರುವುದರಿಂದ ಅದು ಒಳ್ಳೆಯ ಆರಂಭ. ನವನಗರದವರೆಗೆ 50. ನರೇಂದ್ರದ ಹತ್ತಿರ ರಸ್ತೆಯಿಂದ ದೂರದ ಸುರಕ್ಷಿತ ಜಾಗದಲ್ಲಿ ಕೂತು ಲಾರಿಗಳನ್ನು ನೋಡುವುದು 65. ಹಗಲಲ್ಲಿ ಜೊತೆಗಾರರೊಡನೆ ಕಾರಿನಲ್ಲಿ ಬೈಪಾಸ್ ದಾಟುವುದು 85. ಪ್ರತಿ ಮೆಟ್ಟಿಲಲ್ಲೂ ಅಂಜಿಕೆ ಅರ್ಧಕ್ಕೆ ಇಳಿಯುವವರೆಗೆ, ಇಲ್ಲವೇ ಅರ್ಧದಿಂದ ಮುಕ್ಕಾಲು ತಾಸಿನವರೆಗೆ ಇರಬೇಕು. ಏರಿದ ಹೊತ್ತಿನಲ್ಲಿ ಎದ್ದು ಬಂದರೆ ಓಡಿದ್ದಕ್ಕೇ ಬದುಕಿದೆ ಎಂದು ಮೆದುಳು ಕಲಿಯುತ್ತದೆ. ಹೋಗುವ ಮೊದಲು ಆಲ್ಪ್ರಾಜೋಲಾಮ್ ನುಂಗಿದರೂ, ಮೊಬೈಲ್ ನೋಡುತ್ತ ಕೂತರೂ ಫಲ ಅಷ್ಟಕ್ಕಷ್ಟೇ.

ಇದರ ಜೊತೆ ನೆನಪಿನ ಕೆಲಸ. ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿದೆ ಎಂಬಂತೆ, ಆ ಘಟನೆಯನ್ನು ಮೊದಲಿನಿಂದ ಕೊನೆವರೆಗೆ 30ರಿಂದ 45 ನಿಮಿಷ ಮತ್ತೆ ಮತ್ತೆ ಹೇಳಬೇಕು. ಮನೆಯಲ್ಲಾಡುವ ಮಾತಿನಲ್ಲೇ ಹೇಳಬೇಕು, ಅದು ಧಾರವಾಡ ಕನ್ನಡವಿರಲಿ, ಉರ್ದು ಇರಲಿ, ಲಂಬಾಣಿ ಇರಲಿ. ಪುಸ್ತಕದ ಕನ್ನಡಕ್ಕೆ ಹೊರಳಿದ ತಕ್ಷಣ ಭಾವ ಆರಿಹೋಗುತ್ತದೆ, ಎಷ್ಟೋ ಸಲ ತಪ್ಪಿಸಿಕೊಳ್ಳಲೆಂದೇ ಮನಸ್ಸು ಹಾಗೆ ಹೊರಳುತ್ತದೆ. ಕೊನೆಯ 15–20 ನಿಮಿಷ ಕಣ್ಣು ತೆರೆದು ಮಾತು. ಅದನ್ನು ಬಿಟ್ಟು ರೋಗಿಯನ್ನು ಬಸ್ಸಿಗೆ ಕಳಿಸುವುದು ಗಾಯ ತೆರೆದು ಹೊಲಿಗೆ ಹಾಕದೆ ಕಳಿಸಿದಂತೆ. ಹೇಳಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿ ಮನೆಯಲ್ಲಿ ದಿನಕ್ಕೊಮ್ಮೆ ಕೇಳಬೇಕು. ಹೆಚ್ಚು ಸಲ ಕೆಡುವುದು ಇಲ್ಲಿ. ತುಂಬಿದ ಮನೆಯಲ್ಲಿ ಸೊಸೆಗೆ ಮುಕ್ಕಾಲು ತಾಸು ಒಬ್ಬಳೇ ಕೂಡಲು ಜಾಗವಿಲ್ಲ, ಫೋನು ಎಲ್ಲರ ಕೈಗೂ ಹೋಗುತ್ತದೆ. ಇಯರ್‌ಫೋನು, ಫೋನಿಗೆ ಲಾಕು, ಕೇಳಲು ನಿಗದಿತ ಹೊತ್ತು, ಇವನ್ನು ಮೊದಲ ಭೇಟಿಯಲ್ಲೇ ತೀರ್ಮಾನಿಸಬೇಕು. ಇನ್ನೊಂದು ತಪ್ಪು ಚಿಕಿತ್ಸಕರದು: ರೋಗಿ ಅತ್ತ ತಕ್ಷಣ ‘ಸಾಕು, ಬಿಡ್ರಿ’ ಎಂದು ನಿಲ್ಲಿಸುವುದು. ಆ ಕರುಣೆಯೇ ಅಲ್ಲಿ ಅಡ್ಡಿ.

ಎಂಡಿಎಂಎ ಪ್ರಯೋಗದಿಂದ ಇಲ್ಲಿಗೆ ಹಾಗೇ ತರಬಹುದಾದ ಸಂಗತಿಗಳಿವೆ. ನೆನಪನ್ನು ಮುಟ್ಟುವ ಮೊದಲು ಎರಡು ಮೂರು ಭೇಟಿ ಬರಿ ಪರಿಚಯಕ್ಕೆ, ಉಸಿರಿಗೆ, ಕರಾರಿಗೆ. ಭಾರವಾದ ಭೇಟಿಯ ಮರುದಿನ ಬೆಳಗ್ಗೆ ಹತ್ತು ನಿಮಿಷದ ಫೋನು. ಯಾರು ಕರೆದೊಯ್ಯಲು ಬರುತ್ತಾರೆ, ಆ ರಾತ್ರಿ ಯಾರು ಜೊತೆಗಿರುತ್ತಾರೆ ಎಂಬ ಹೆಸರುಗಳು ಕಾಗದದ ಮೇಲೆ. ಯಾವುದಕ್ಕೂ ಲೈಸೆನ್ಸು ಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಚಿಕಿತ್ಸೆ ಏನು, ಅದರ ಅಡ್ಡಪರಿಣಾಮ ಏನು ಎಂದು ತಿಳಿಯುವ ಹಕ್ಕು, ಹೇಳಿದ್ದು ಗುಟ್ಟಾಗಿ ಉಳಿಯುವ ಹಕ್ಕು ರೋಗಿಗಿದೆ. ಮೊದಲ ದಿನವೇ ಇದನ್ನು ಬಾಯಿಬಿಟ್ಟು ಹೇಳಿದರೆ ಅರ್ಧ ಬಿಗಿ ಇಳಿಯುತ್ತದೆ.

ಮನೆಯವರು ‘ಇವತ್ತು ಡಾಕ್ಟರ್ ಹತ್ರ ಏನ್ ಹೇಳಿದಿ?’ ಎಂದು ಕೆದಕಬಾರದು. ಊಟ ಆಯಿತೇ, ನಾಳೆ ಬಸ್ಸಿಗೆ ಎಷ್ಟಕ್ಕೆ ಹೋಗಬೇಕು ಎಂದು ಕೇಳಿದರೆ ಸಾಕು. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ. ಒಪಿಡಿಯಲ್ಲಿ ಗುಳಿಗೆ ಬರೆಸಿಕೊಂಡು ಎದ್ದು ಬರುವ ಮೊದಲು ಹೀಗೆ ಕೇಳಿ: ಆಘಾತಕ್ಕೆ ಮಾತಿನ ಚಿಕಿತ್ಸೆ ಮಾಡುವವರು ಇಲ್ಲಿ ಯಾರು, ವಾರಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಒಟ್ಟು ಎಷ್ಟು ಭೇಟಿ? ಗದಗದಿಂದ ಧಾರವಾಡಕ್ಕೆ ಸುಮಾರು 80 ಕಿಲೋಮೀಟರು. ವಾರಕ್ಕೊಮ್ಮೆ ಮೂರು ತಿಂಗಳು ಬರುವುದೆಂದರೆ ಕೂಲಿ ಹೋಗುತ್ತದೆ, ಬಸ್ಸಿನ ದುಡ್ಡು ಹೋಗುತ್ತದೆ. ಮುಂಗಾರು ಬಿತ್ತನೆ, ಸುಗ್ಗಿಯ ನಡುವೆ ಶುರು ಮಾಡಿದ್ದು ನಾಲ್ಕನೇ ಭೇಟಿಗೆ, ನೆನಪು ಪೂರ್ತಿ ಕೆದರಿದ ಹೊತ್ತಿಗೇ, ನಿಂತುಹೋಗುತ್ತದೆ. ಹೊಲದ ಕೆಲಸ ಹಗುರಾದ ತಿಂಗಳು ನೋಡಿ ಹನ್ನೆರಡೂ ವಾರದ ದಿನಾಂಕವನ್ನು ಮೊದಲೇ ಬರೆಸಿಕೊಂಡು ಶುರು ಮಾಡಿ.